ಗಡಿನಾಡ ಗುಡುಗುಡಿ

ಅಶ್ವತ್ಥಪ್ಪ ಮೇಷ್ಟ್ರು ತಮಾಷೆ ಮಾಡುವಾಗ ನಗುತ್ತಿರಲಿಲ್ಲ. ಹಾಜರಿ ಕೂಗುವ ಮುಖದಲ್ಲೇ ಹೇಳಿ, ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿಕೊಳ್ಳುವರು. ಅಷ್ಟರಲ್ಲಿ ಕೇಳಿದವರಿಗೆ ಹೊಳೆದರೆ ಹೊಳೆಯಿತು, ಇಲ್ಲದಿದ್ದರೆ ಇಲ್ಲ.

ಆಂಧ್ರದ ಗಡಿಯ ಹಿಂದೂಪುರದ ಸರ್ಕಾರಿ ಶಾಲೆಯೊಂದರ ಕನ್ನಡ ವಿಭಾಗಕ್ಕೆ ಅವರೊಬ್ಬರೇ ಮೇಷ್ಟ್ರು. ನಾನು ಆಗ ಅದೇ ಊರಿನಲ್ಲಿ ಪತ್ರಿಕೆಯೊಂದರ ವರದಿಗಾರ. ಸುದ್ದಿ ಕಳಿಸಲು ನಾನು ಇಂಟರ್ನೆಟ್ ಸೆಂಟರಿಗೆ ಹೋದರೆ, ಶಾಲೆ ಬಿಟ್ಟ ಮೇಲೆ ಅವರು ಬ್ಲಾಗ್ ಓದಲು ಬಂದಿರುತ್ತಿದ್ದರು.

"ನಿನ್ ಪೇಪರ್ನಾಗೆ ಯಾರು ಎಲ್ಲಿ ಏನಂದ ಅಂತ ಐತೆ, ಅಷ್ಟೆ ಕಣಪ್ಪ. ಇಲ್ನೋಡು, ತಹಸೀಲ್ದಾರ್ ಆಫೀಸ್ ಮೆಟ್ಲು ಹತ್ತದೇ ಇರೋನೂ ಡೆಲ್ಲಿಗೆ ಬುದ್ಧಿ ಹೇಳ್ತಾವ್ನೆ. ಎದ್ದೋಗಾಕೇ ಮನ್ಸು ಬರಾಕಿಲ್ಲ."

ಅವರು ತಪ್ಪದೆ ಓದುತ್ತಿದ್ದುದು ಕಲ್ಯಾಣದುರ್ಗದ ಒಬ್ಬರು ನಡೆಸುತ್ತಿದ್ದ 'ಗಡಿನಾಡ ಗುಡುಗು'. ಜಿಲ್ಲೆಯ ನಾಯಕರೊಬ್ಬರ ಹೊಗಳಿಕೆ ಅದರಲ್ಲಿ ವಾರವಾರವೂ ಗುಡುಗುತ್ತಿತ್ತು. ಮಕ್ಕಳು ಕಡಿಮೆಯಿರುವ ಕನ್ನಡ ವಿಭಾಗಗಳನ್ನು ಮುಚ್ಚಬೇಕೆಂಬ ನಾಯಕರ ಮಾತನ್ನೂ ಅದು ಎತ್ತಿಹಿಡಿಯಿತು. ಆಗ ಮೇಷ್ಟ್ರು 'ಗಡಿನಾಡ ಗುಡುಗುಡಿ' ಎಂಬ ಅಣಕು ಬ್ಲಾಗ್ ಶುರುಮಾಡಿದರು. ಕೆಳಗೆ 'ಒಬ್ಬ ಕನ್ನಡ ಮೇಷ್ಟ್ರು, ಹಿಂದೂಪುರ' ಎಂದು ಹಾಕಿಕೊಂಡರು.

'ಒಂದು ಭಾಷೆ ಬಿಟ್ಟರೆ ಮಕ್ಕಳ ಚೀಲ ಹಗುರ. ಎರಡನ್ನೂ ಬಿಟ್ಟರೆ ಚೀಲವೇ ಬೇಡ. ಅಕ್ಷರದ ಭಾರ ಇಳಿಸುವ ನಾಯಕರು ನೂರು ಕಾಲ ಬಾಳಲಿ.'

ಯಾರೂ ನಗಲಿಲ್ಲ. ಮೆಚ್ಚಿ ಬರೆದವರೆಲ್ಲ ಗುಡುಗಿನ ಓದುಗರು. ಇನ್ನೂ ಅತಿಯಾದರೆ ಇದು ಅಣಕವೆಂದು ತಿಳಿಯದೆ ಇರಲಾರದು ಎಂದು ಮೇಷ್ಟ್ರು ಹೊಗಳಿಕೆಯನ್ನು ಏರಿಸುತ್ತ ಹೋದರು. ಮೆಚ್ಚುಗೆಯೂ ಏರಿತು. ಕೊನೆಗೆ ಕಲ್ಯಾಣದುರ್ಗದ ಸಭೆಯೊಂದರಲ್ಲಿ ನಾಯಕರು ಆ ಬರಹದ ಪ್ರಿಂಟೌಟ್ ಎತ್ತಿ ತೋರಿಸಿ, "ಕನ್ನಡ ಮೇಷ್ಟಾರೇ ಅಡುಗುತುನ್ನಾರು!" ಎಂದರು, ವಿಭಾಗ ಮುಚ್ಚಿ ಎಂದು ಕನ್ನಡ ಮೇಷ್ಟ್ರೇ ಕೇಳುತ್ತಿದ್ದಾರಂತೆ. ನಾನು ಅಲ್ಲಿದ್ದೆ. ಆಡಿದ ಮಾತನ್ನು ಆಡಿದಂತೆಯೇ ವರದಿ ಮಾಡಿದೆ.

ಮರುದಿನ ಶಾಲೆಯ ಗೇಟಿನಲ್ಲಿ ಒಬ್ಬ ತಾಯಿ ಮೇಷ್ಟ್ರನ್ನು ತಡೆದು ನಿಲ್ಲಿಸಿದಳು. "ಏನ್ ಸಾರೂ, ನೀವೇ ಮುಚ್ರಿ ಅಂತ ಬರ್ಕೊಟ್ಬುಟ್ರಂತೆ? ನನ್ ಮಗಳ್ನ ಈಗ ಎಲ್ಲಿಗ್ ಕಳ್ಸನ?"

ಮೇಷ್ಟ್ರು ಅಲ್ಲಿಂದ ನೇರ ನನ್ನ ಬಳಿ ಬಂದರು. "ಅದು ಅಣಕ ಅಂತ ಪೇಪರ್ನಾಗೆ ಹಾಕ್ಬುಡಪ್ಪ."

ಸಹಿ ಮಾಡಿದ ಹೇಳಿಕೆ ಬೇಕು ಎಂದೆ. ಸರ್ಕಾರಿ ನೌಕರನೊಬ್ಬ ನಾಯಕರನ್ನು ಅಣಕಿಸಿದ್ದಾಗಿ ಬರೆದುಕೊಟ್ಟರೆ ಏನಾಗುತ್ತದೆಂದು ಇಬ್ಬರಿಗೂ ಗೊತ್ತಿತ್ತು.

"ನಾನ್ ಹೋದ್ರೆ ಹೋಯ್ತೀನಿ ಕಣಯ್ಯ. ಕ್ಲಾಸ್ ಉಳ್ದ್ರೆ ಸಾಕು."

ಮೂರು ಹಾಳೆಯ ಹೇಳಿಕೆ ಬರೆದು, ಮೂರಕ್ಕೂ ಸಹಿ ಹಾಕಿದರು. ನಾನು ಅದನ್ನು ಒಂದಕ್ಷರ ಬಿಡದೆ ಕಳಿಸಿದೆ. ಪತ್ರಿಕೆಯ ಡೆಸ್ಕಿನವರು ಅದನ್ನು ಹಾಸ್ಯದ ಅಂಕಣದಲ್ಲಿ ಪ್ರಕಟಿಸಿದರು.

ವಿಭಾಗ ಮುಚ್ಚಿತು. ಮೇಷ್ಟ್ರನ್ನು ಬ್ರಹ್ಮಸಮುದ್ರದ ಕಡೆಯ ತೆಲುಗು ಶಾಲೆಗೆ ಎತ್ತಿಹಾಕಿದರು. ಕೊನೆಯ ಸಲ ಅವರನ್ನು ಕಂಡದ್ದು ಕಲ್ಯಾಣದುರ್ಗದ ಬಸ್ ನಿಲ್ದಾಣದಲ್ಲಿ. ನನ್ನನ್ನು ಬೈಯಲಿಲ್ಲ. ಟೀ ಕುಡಿಸಿದರು.

"ಒಂದ್ ಮಾತ್ ಕೇಳ್ತೀನಿ, ನಿಜ ಹೇಳ್ಬೇಕು. ನನ್ ಗುಡುಗುಡಿ ಓದ್ದಾಗ ನೀನಾದ್ರೂ ನಕ್ಕಿದ್ಯಾ?"

"ನಕ್ಕಿದ್ದೆ ಸಾರ್" ಎಂದೆ.

"ಯಾವ್ ಸಾಲ್ಗೆ?"

ಬ್ರಹ್ಮಸಮುದ್ರದ ಬಸ್ಸು ಬಂದು ನಿಂತಿತು. ಜನ ಇಳಿದರು, ಹತ್ತಿದರು. ಕಂಡಕ್ಟರ್ ಎರಡು ಸಲ ಕೂಗಿದ. ಮೇಷ್ಟ್ರು ನನ್ನ ಮುಖವನ್ನೇ ನೋಡುತ್ತ ನಿಂತಿದ್ದರು.