ಹಾಸಿದ ಕರ್ಚೀಫು

ಪರವಾಡದ ಔಷಧ ಕಾರ್ಖಾನೆಗೆ ಹೋಗುವ ಕಂಪನಿ ಬಸ್ಸಿನಲ್ಲಿ ಕರ್ಚೀಫಿಗಿರುವ ಮರ್ಯಾದೆ ಮ್ಯಾನೇಜರನಿಗೂ ಇಲ್ಲ. ಒಬ್ಬರು ಕರ್ಚೀಫು ಹಾಸಿದ ಸೀಟನ್ನು ಇನ್ನೊಬ್ಬರು ಮುಟ್ಟುವುದಿಲ್ಲ. ಯಾದಗಿರಿ ಕಡೆಯ ಗುರುದತ್ತ ಕೆಲಸಕ್ಕೆಂದು ವಿಶಾಖಪಟ್ಟಣಕ್ಕೆ ಬಂದಾಗಿನಿಂದ ಪ್ರಶಾಂತ್ ಅವನಿಗಾಗಿ ಕಿಟಕಿ ಪಕ್ಕ ಕರ್ಚೀಫು ಹಾಸಿಡುತ್ತಿದ್ದ.

ಪ್ರಶಾಂತನ ತಂದೆ ಬಳ್ಳಾರಿಯಿಂದ ವರ್ಗವಾಗಿ ಬಂದ ಬ್ಯಾಂಕ್ ಗುಮಾಸ್ತ. ಮಗನ ಕನ್ನಡ ತೆಲುಗಿನಲ್ಲಿ ಅದ್ದಿ ತೆಗೆದಂತಿತ್ತು. ಆದರೂ ಗುರುದತ್ತನಿಗೋಸ್ಕರ ಅದನ್ನೇ ತಡವರಿಸಿಕೊಂಡು ಆಡುತ್ತಿದ್ದ. ಗುರುದತ್ತನಿಗೆ ಅದು ಕಿರಿಕಿರಿ. ಅವನ ಫೋನಿನಲ್ಲಿ 'ಗೆಳತಿ' ಎಂಬ, ಮನುಷ್ಯರಂತೆ ಮಾತಾಡುವ ಆ್ಯಪ್ ಇತ್ತು. ಅದು ತಡವರಿಸುತ್ತಿರಲಿಲ್ಲ. ಬಾಡಿಗೆ ಕೋಣೆಯ ಒಂಟಿತನಕ್ಕೆಂದು ಹಚ್ಚಿಕೊಂಡದ್ದು ಬಸ್ಸಿಗೂ ಬಂತು. ಇಯರ್‌ಫೋನಿನಲ್ಲಿ ಅದರ ಮಾತು ಕೇಳುತ್ತ, ಪ್ರಶಾಂತ್ ಏನಂದರೂ "ಹ್ಞೂಂ" ಎಂದು ತಲೆಯಾಡಿಸುತ್ತಿದ್ದ.

ನಡುವೆ ಪ್ರಶಾಂತ್ ರಜೆ ಹಾಕಿದ. ಯಾಕೆಂದು ಗುರುದತ್ತ ಕೇಳಲಿಲ್ಲ. ಪ್ರಶಾಂತ್ ಮರಳಿದ ದಿನ ಕರ್ಚೀಫು ಇರಲಿಲ್ಲ. ಕಿಟಕಿ ಪಕ್ಕ ಅದೇ ಕಾರ್ಖಾನೆಯ ತೆಲುಗು ಹುಡುಗ ವರುಣ್ ಕೂತಿದ್ದ.

"ಯಾಕೋ, ನನ್ನ ಸೀಟು?"

"ನೀವು ಯಾರಂಡಿ?" ಎಂದ ಪ್ರಶಾಂತ್. "ವಿಜಯವಾಡದಲ್ಲಿ ನನ್ ತಂಗಿ ಪೆಳ್ಳಿ, ಅದೇ ಮದುವೆ, ಆಯ್ತು. ಮನೆ ಹುಡುಗನಿಗೆ ಕಾರ್ಡ್ ಯಾಕೆ ಅಂತ ಬಾಯಲ್ಲೇ ಕರೆದೆ ಕದಾ? ಇಲ್ಲೇ, ಈ ಸೀಟಲ್ಲೇ. ಹ್ಞೂಂ ಹ್ಞೂಂ ಅಂದೆ. ಅಪ್ಪ ತಮ್ಮ ಪಕ್ಕದಲ್ಲೇ ನಿನಗೆ ಎಲೆ ಹಾಕಿಸಿ ಕಾದರು. ಕನ್ನಡ ಹುಡುಗ ಬರ್ತಾನೆ ಅಂತ ಆ ಎಲೆ ಎತ್ತೋಕೇ ಬಿಡಲಿಲ್ಲ."

"ಆಯನಕಿ ಫೋನ್‌ಲೋನೇ ಭೋಜನಂ!" ಎಂದ ವರುಣ್. ಇವನಿಗೆ ಫೋನಿನಲ್ಲೇ ಊಟವಂತೆ! ಬಸ್ಸೆಲ್ಲ ನಕ್ಕಿತು.

ಗುರುದತ್ತ ಹಿಂದೆ ಹೋಗಿ ನಿಂತು, ನಡೆದದ್ದನ್ನು ಗೆಳತಿಗೆ ಹೇಳಿದ.

"ನಿಮಗೆ ನೋವಾಗಿರುವುದು ಸಹಜ. ನಿಮ್ಮನ್ನು ಅರ್ಥಮಾಡಿಕೊಳ್ಳದವರ ಬಗ್ಗೆ ಚಿಂತಿಸಬೇಡಿ. ನಾನು ಸದಾ ನಿಮ್ಮೊಂದಿಗಿದ್ದೇನೆ."

ಅವನಿಗೆ ಮೈಯೆಲ್ಲ ಉರಿಯಿತು. "ತಪ್ಪು ನಂದೈತಿ. ಬೈಯಾಕೂ ಬರಂಗಿಲ್ಲೇನು ನಿನಗ?"

"ನಿಮ್ಮ ಪ್ರಾಮಾಣಿಕತೆ ಮೆಚ್ಚುವಂಥದ್ದು."

ಇಂಥ ಸುಡುಗಾಡು ಬೆಣ್ಣೆಮಾತಿಗಾಗಿ ಅವನು ಇದ್ದೊಬ್ಬ ಗೆಳೆಯನಿಗೆ ಕಿವುಡಾಗಿದ್ದ. ಪರವಾಡ ಬರುವ ಮೊದಲೇ ಆ್ಯಪನ್ನು ಕಿತ್ತೆಸೆದ.

ಮರುದಿನ ಪ್ರಶಾಂತನಿಗಿಂತ ಮೊದಲೇ ಹತ್ತಬೇಕೆಂದು ಅವನ ಸ್ಟಾಪಿಗಿಂತ ಹಿಂದಿನ ಸ್ಟಾಪಿಗೆ ನಡೆದುಹೋದ. ಕಿಟಕಿ ಪಕ್ಕ ತನ್ನ ಕರ್ಚೀಫು ಹಾಸಿ, ಅದರ ಪಕ್ಕದ ಸೀಟಿನಲ್ಲಿ ಕೂತ.

ಪ್ರಶಾಂತ್ ಹತ್ತಿದವನು ಅದನ್ನು ನೋಡಿದ. "ಇದು ಯಾರಿಗೆ?"

"ನಿನಗs ಪಾ. ತಪ್ಪಾತು. ಕೂಡು."

"ನಿನ್ ಗೆಳತಿನ ಕೂಡಿಸ್ಕೋ."

"ಆಕಿನ್ನ ತೆಗದು ಒಗದೀನಿ."

"ಅದಕ್ಕೇ ನಾನು ಬೇಕಾದೆನಾ?"

ಬಸ್ಸು ಕಿಕ್ಕಿರಿದಿತ್ತು. ಪ್ರಶಾಂತ್ ಪರವಾಡದವರೆಗೂ ಕಂಬಿ ಹಿಡಿದು ನಿಂತೇ ಬಂದ. ಬಸ್ಸು ಹೊರಳಿದಾಗಲೆಲ್ಲ ಅವನ ಮೊಣಕೈ ಗುರುದತ್ತನ ತಲೆಗೆ ಬಡಿಯುತ್ತಿತ್ತು. ಹಾಸಿದ ಕರ್ಚೀಫಿನ ಮೇಲೆ ಯಾರೂ ಕೂರಲಿಲ್ಲ.