ಅಣ್ಣನ ಹೆಬ್ಬೆರಳು, ಕೆಂಪು ಸ್ವಿಚ್ಚು

ಅಣ್ಣನ ಬೈಕು ರಸ್ತೆಗೆ ಅಡ್ಡಲಾಗಿ ಬಿದ್ದು ಕೂಗಿಕೊಳ್ಳುತ್ತಿತ್ತು. ನಾನು ಓಡಿ ತಲುಪುವಷ್ಟರಲ್ಲಿ ಜನ ಅಣ್ಣನನ್ನು ಹುಣಸೆಮರದ ನೆರಳಿಗೆ ಎತ್ತಿಕೊಂಡು ಹೋಗಿದ್ದರು. ನಾನು ಮೊದಲು ಹೋದದ್ದು ಅಣ್ಣನ ಹತ್ತಿರಕ್ಕಲ್ಲ, ಬೈಕಿನ ಹತ್ತಿರಕ್ಕೆ.

ಬಲಗಡೆಯ ಹ್ಯಾಂಡಲಿನ ಕೆಂಪು ಸ್ವಿಚ್ಚು ನೋಡಿದೆ. ಆನ್ ಇತ್ತು. ಸೀಟಿನ ಪಕ್ಕದ ಮುಚ್ಚಳ ಕಿತ್ತು ಅಲಾರಮ್ಮಿನ ಫ್ಯೂಸು ಎಳೆದೆ. ಕೂಗು ನಿಂತಿತು. ಎಲ್ಲರೂ ಅಣ್ಣನ ಸುತ್ತ ಬಗ್ಗಿದ್ದರು. ನನ್ನ ಕಡೆ ಯಾರೂ ನೋಡುತ್ತಿರಲಿಲ್ಲ. ಕೆಂಪು ಸ್ವಿಚ್ಚನ್ನು ಆಫ್ ಕಡೆಗೆ ತಳ್ಳಿದೆ.

ಹಾಗೆ ಮಾಡಬೇಕೆಂದು ಯೋಚಿಸಿ ಮಾಡಿದ್ದಲ್ಲ. ಆದರೆ ಯಾಕೆ ಮಾಡುತ್ತಿದ್ದೇನೆ ಎಂಬುದು ಮಾಡುವಾಗಲೇ ಗೊತ್ತಿತ್ತು.

ನಮ್ಮದು ಮುಳಬಾಗಿಲಿನಿಂದ ಶ್ರೀನಿವಾಸಪುರದ ಕಡೆ ಹೋಗುವ ದಾರಿಯ ಊರು. ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತೇವೆ. ತೋಟ ಮನೆಯಿಂದ ಎರಡು ಮೈಲಿ. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಮುಳಬಾಗಿಲಿನ ಒಂದು ಗ್ಯಾರೇಜು ಸೇರಿದವನು. ಅಣ್ಣ ತೋಟ ನೋಡಿಕೊಳ್ಳುತ್ತಿದ್ದ. ದಿನಾ ಬೆಳಿಗ್ಗೆ ಹಿಪ್ಪುನೇರಳೆ ಸೊಪ್ಪು ಕೊಯ್ದು ಒಂದು ಮೂಟೆ ಹಿಂದೆ ಕಟ್ಟಿ, ಇನ್ನೊಂದನ್ನು ಟ್ಯಾಂಕಿನ ಮೇಲೆ ಹೊಟ್ಟೆಗೆ ಒತ್ತಿಕೊಂಡು ಬರುತ್ತಿದ್ದ. ನಮ್ಮ ಕಡೆ ಹುಳು ಸಾಕುವವರೆಲ್ಲ ಹಾಗೆಯೇ ತರುವುದು. ಟ್ಯಾಂಕಿನ ಮೇಲೆ ಮೂಟೆ ಕೂತರೆ ಕೀ ಅದರ ಕೆಳಗೆ ಹೂತುಹೋಗುತ್ತದೆ. ಹಾಗಾಗಿ ಗಾಡಿ ನಿಲ್ಲಿಸಬೇಕಾದರೆ ಯಾರೂ ಕೀ ತಿರುಗಿಸುವುದಿಲ್ಲ, ಹೆಬ್ಬೆರಳಲ್ಲಿ ಕೆಂಪು ಸ್ವಿಚ್ಚು ಒತ್ತುತ್ತಾರೆ. ಅಣ್ಣನೂ ಹಾಗೇ ಒತ್ತಿ, ಮೂಟೆ ಇಳಿಸಿ, ಹುಳಕ್ಕೆ ಸೊಪ್ಪು ಹಾಕಿ, ತಿಂಡಿ ತಿಂದು, ಆಮೇಲೆ ಯಾವಾಗಲೋ ನೆನಪಾದರೆ ಕೀ ತೆಗೆಯುತ್ತಿದ್ದ.

"ನನ್ ತಮ್ಮ ಮೆಕ್ಯಾನಿಕ್ಕು ಅಂತ ಊರೆಲ್ಲಾ ಹೇಳ್ಕಂಡು ತಿರುಗ್ತೀನಿ, ನನ್ ಗಾಡೀನೇ ತಳ್ಕಂಡ್ ಬರ್ಬೇಕಲ್ಲೋ" ಎಂದ ಒಂದು ದಿನ.

"ಕೆಂಪು ಸ್ವಿಚ್ಚು ಇಂಜಿನ್ ಒಂದೇ ನಿಲ್ಸೋದು ಅಣ್ಣ. ಕೀ ಆನ್ ಇದ್ರೆ ಲೈಟು ಉರೀತಾನೇ ಇರ್ತದೆ, ಬ್ಯಾಟರಿ ತಿಂದಾಕ್ತದೆ. ಕೀ ತಿರುಗ್ಸು."

"ಮೂಟೆ ಕೆಳಗೆ ಕೈ ಹಾಕಿ ಕೀ ಹುಡ್ಕಷ್ಟ್ರಲ್ಲಿ ಹುಳ ಗೂಡು ಕಟ್ಟಿರ್ತವೆ ಕಣ್ಲಾ."

ಆ ವರ್ಷ ತೋಟಗಳ ಹತ್ತಿರ ನಿಲ್ಲಿಸಿದ ಬೈಕುಗಳು ಕಳುವಾಗತೊಡಗಿದವು. ನಾನೇ ಒಂದು ಅಲಾರಂ ತಂದು ಅಣ್ಣನ ಬೈಕಿಗೆ ಕೂರಿಸಿದೆ. ಕೆಂಪು ಸ್ವಿಚ್ಚಿನಿಂದ ಇಂಜಿನ್ ಕಡೆ ಹೋಗುವ ತಂತಿಯನ್ನು ಕತ್ತರಿಸಿ, ಮಧ್ಯೆ ಅಲಾರಂ ಡಬ್ಬ ಸೇರಿಸಿದೆ. ರಿಮೋಟು ಒತ್ತಿ ಲಾಕು ಮಾಡಿದ ಮೇಲೆ ಗಾಡಿಯನ್ನು ಯಾರಾದರೂ ಅಲ್ಲಾಡಿಸಿದರೆ ಡಬ್ಬ ಕೂಗುತ್ತದೆ. ಜೊತೆಗೆ ಕೆಂಪು ಸ್ವಿಚ್ಚು ಒತ್ತಿದಂತೆಯೇ ಇಂಜಿನ್ನಿನ ಕರೆಂಟು ಕಡಿದುಹೋಗುತ್ತದೆ. ಎಲ್ಲ ಸೇರಿಸಿದ ಮೇಲೆ ಕಂದು ಬಣ್ಣದ ಒಂದು ತಂತಿ ಉಳಿಯಿತು. ಡಬ್ಬದ ಜೊತೆ ಬಂದ ಚೀಟಿ ಇಂಗ್ಲಿಷಿನಲ್ಲಿತ್ತು. ನಾನು ಚಿತ್ರ ನೋಡಿ ಕೆಲಸ ಮಾಡಿದ್ದೆ.

"ಅದೇನ್ಲಾ, ಒಂದು ಮಿಕ್ಕೋಯ್ತು?"

"ಅದು ಎಕ್ಸ್‌ಟ್ರಾ ಅಣ್ಣ" ಎಂದು ಟೇಪು ಸುತ್ತಿ ಒಳಗೆ ತೂರಿಸಿದೆ. ರಿಮೋಟನ್ನು ಅಣ್ಣ ಕೀ ಗೊಂಚಲಿಗೇ ಹಾಕಿಕೊಂಡ.

ಕೆಲವು ತಿಂಗಳಾದ ಮೇಲೆ ಸಾಮಾನು ತರಲು ಮಾಲೂರಿಗೆ ಹೋಗಿದ್ದೆ. ಅಲ್ಲಿ ಒಬ್ಬ ವಯಸ್ಸಾದ ಎಲೆಕ್ಟ್ರಿಷಿಯನ್ನು ಅದೇ ತರದ ಡಬ್ಬ ಕೂರಿಸುತ್ತಿದ್ದ. ಕಂದು ತಂತಿಯನ್ನು ಕೀಯಿಂದ ಬರುವ ತಂತಿಗೆ ಸೇರಿಸಿದ. ಯಾಕೆಂದು ಕೇಳಿದೆ.

"ಕೀ ಆನ್ ಐತೆ, ಗಾಡಿ ಯಜಮಾನನ ಕೈಯಾಗೈತೆ, ನೀನ್ ಸುಮ್ಕಿರು ಅಂತ ಡಬ್ಬಕ್ಕೆ ಹೇಳೋ ತಂತಿ ಇದು. ಇದಿಲ್ದಿದ್ರೆ ಓಡೋ ಗಾಡೀಲೂ ಲಾಕ್ ಬೀಳ್ತದೆ. ಒಂದು ಹಳ್ಳಕ್ಕೆ ಎತ್ತಾಕಿದ್ರೆ ಸಾಕು, ಇಂಜಿನ್ ಕಟ್."

ನಾನು ಬಾಯಿ ಮುಚ್ಚಿಕೊಂಡು ವಾಪಸು ಬಂದೆ. ಭಾನುವಾರ ಸರಿ ಮಾಡೋಣ ಎಂದುಕೊಂಡೆ. ಭಾನುವಾರ ಮಲಗಿದೆ. ಮುಂದಿನ ಭಾನುವಾರ ನೆಂಟರ ಮದುವೆ ಇತ್ತು. ಓಡುವಾಗ ರಿಮೋಟು ಯಾರು ಒತ್ತುತ್ತಾರೆ ಎಂದು ಸಮಾಧಾನ ಹೇಳಿಕೊಂಡೆ. ಕೀ ಜೊತೆ ರಿಮೋಟೂ ದಿನಾ ಬೆಳಿಗ್ಗೆ ಸೊಪ್ಪಿನ ಮೂಟೆಯ ಕೆಳಗೆ ಕೂರುತ್ತದೆ, ಮೂಟೆಯೇ ಅದನ್ನು ಒತ್ತಬಹುದು ಎಂಬುದು ನನ್ನ ತಲೆಗೆ ಬರಲಿಲ್ಲ. ಒಂದು ಸಲ ಅಣ್ಣನೇ ಹೇಳಿದ್ದ, "ದಾರೀಲಿ ನಿನ್ ಡಬ್ಬ ಕುಂಯ್ ಅಂತು ಕಣ್ಲಾ" ಎಂದು. "ನಿನ್ ಜತೆ ಮಾತಾಡ್ತೈತೆ ಬಿಡು" ಎಂದು ನಾನು ನಕ್ಕಿದ್ದೆ.

ಅದಾದ ವಾರಕ್ಕೆ ಇದಾಯಿತು. ರಸ್ತೆ ಉಬ್ಬು ಹತ್ತಿ ಇಳಿಯುವಾಗ ಇಂಜಿನ್ ನಿಂತುಹೋಯಿತು. ಹಿಂದೆ ಟೊಮೆಟೊ ತುಂಬಿದ ಟೆಂಪೋ ಬರುತ್ತಿತ್ತು. ಡ್ರೈವರು ಬ್ರೇಕು ತುಳಿದರೂ ಗಾಡಿ ನಿಲ್ಲದೆ ಅಣ್ಣನಿಗೆ ತಾಕಿತು. ಎಡಗಾಲು ಮಂಡಿಯ ಕೆಳಗೆ ಮುರಿಯಿತು.

ಕೋಲಾರದ ಆಸ್ಪತ್ರೆಯಲ್ಲಿ ಕಾಲಿಗೆ ರಾಡು ಹಾಕಿದ ಮಾರನೇ ದಿನ ಅಣ್ಣ ನನ್ನನ್ನು ಕೇಳಿದ, "ತಾನೇ ಆಫ್ ಆಯ್ತಲ್ಲೋ. ಏನಾಗಿತ್ತು?"

"ಸ್ವಿಚ್ಚು ಆಫ್ ಆಗಿತ್ತು ಅಣ್ಣ."

"ನಾನು ಒತ್ತಿದ್ನಾ?"

"ಉಬ್ಬು ಹಾರ್ದಾಗ ಬೆರಳು ತಾಕಿರ್ಬೇಕು."

"ಮತ್ತೆ ಅಲಾರಂ ಕೂಗ್ತಿತ್ತಲ್ಲ?"

"ಗಾಡಿ ಬಿದ್ರೆ ಕೂಗ್ತದೆ. ಅದ್ರ ಕೆಲ್ಸ ಅದು."

ಅಣ್ಣ ಬಲಗೈ ಎತ್ತಿ ಹೆಬ್ಬೆರಳನ್ನು ನೋಡಿಕೊಂಡ. ಹಿಂದೊಮ್ಮೆ ಸೊಪ್ಪು ಕೊಯ್ಯುವಾಗ ಕುಡುಗೋಲು ತಗುಲಿ ಅದರ ತುದಿ ಸ್ವಲ್ಪ ಜೋಮು ಹಿಡಿದಂತಿತ್ತು. "ಇದೇ ಇರ್ಬೇಕು" ಎಂದ. ನಾನು ಹೂಂ ಎಂದೆ. ಆ ದಿನವೇ ಊರಿಗೆ ಬಂದು ಅಲಾರಂ ಬಿಚ್ಚಿ, ಕತ್ತರಿಸಿದ ತಂತಿಯನ್ನು ಮೊದಲಿನಂತೆ ಜೋಡಿಸಿ, ಡಬ್ಬವನ್ನು ಊರಾಚೆಯ ನೀರಿನ ಕುಂಟೆಗೆ ಎಸೆದೆ.

ಕಾಲು ಕೂಡಿತು. ಅಣ್ಣ ಬೈಕು ಹತ್ತಲಿಲ್ಲ. ಸೊಪ್ಪು ತರಲು ಅತ್ತಿಗೆ ಪಕ್ಕದ ತೋಟದವರ ಆಟೋವನ್ನು ಕಾಯುತ್ತಿದ್ದರು. ಆ ನಡುವೆ ಅಣ್ಣನಿಗೆ ಮಗಳು ಹುಟ್ಟಿದಳು. ಅಣ್ಣ ಅವಳನ್ನು ಎತ್ತಿಕೊಂಡದ್ದನ್ನು ನಾನು ನೋಡಿರಲಿಲ್ಲ. ಕಾಲು ನೋವಿರಬೇಕು ಎಂದುಕೊಂಡಿದ್ದೆ. ಎರಡು ವರ್ಷ ಹಾಗೆ ಅಂದುಕೊಳ್ಳುವುದು ನನಗೆ ಕಷ್ಟವಾಗಲಿಲ್ಲ.

ಈ ವರ್ಷ ಒಂದು ಬೆಳಿಗ್ಗೆ ಅಂಗಳದಲ್ಲಿ ಆ ಬೈಕು ತೊಳೆಯುತ್ತಿದ್ದೆ. ಮಗು ಬೈಕಿನ ಮೇಲೆ ಕೂರಬೇಕೆಂದು ಹಟ ಹಿಡಿಯಿತು. ಅತ್ತಿಗೆಯ ಎರಡು ಕೈಯಲ್ಲೂ ಹುಳದ ಕಸವಿತ್ತು.

"ರೀ, ಒಂದ್ ಗಳಿಗೆ ಎತ್ಕೊಳ್ರೀ ಅವಳ್ನ."

"ನನ್ ಕೈ ಗ್ಯಾರಂಟಿ ಇಲ್ಲ ಅಂತ ಗೊತ್ತಲ್ಲ ನಿಂಗೆ. ಯಾವಾಗ ಏನ್ ಮಾಡ್ತದೋ" ಎಂದ ಅಣ್ಣ. ದುಃಖದಿಂದ ಹೇಳಲಿಲ್ಲ, ನಲ್ಲಿಯಲ್ಲಿ ನೀರಿಲ್ಲ ಎಂದು ಹೇಳುವಂತೆ ಹೇಳಿದ. ಅತ್ತಿಗೆ ಕೈ ತೊಳೆಯಲು ಹೊರಟರು. ಅವರಿಬ್ಬರಿಗೂ ಅದು ದಿನದ ಮಾತಾಗಿತ್ತು.

ನನ್ನ ಕೈಯಲ್ಲಿದ್ದ ಪೈಪು ಕೆಳಗೆ ಬಿತ್ತು. ನೀರು ಹರಿಯುತ್ತಲೇ ಇತ್ತು.

"ಅಣ್ಣ, ನಿನ್ ಕೈ ಏನೂ ಮಾಡಿಲ್ಲ" ಎಂದೆ.

ಅಲ್ಲೇ ನಿಂತು ಹೇಳಿದೆ. ಕಂದು ತಂತಿ, ಮಾಲೂರು, ಎರಡು ಭಾನುವಾರ, ಎಲ್ಲ. ಅಣ್ಣ ಮಧ್ಯೆ ಒಂದೇ ಮಾತು ಕೇಳಿದ.

"ಸ್ವಿಚ್ಚು?"

"ಆನ್ ಇತ್ತು. ನಾನೇ ತಳ್ಳಿದ್ದು."

ಹೊಡೆಯುತ್ತಾನೆ ಎಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು. ಅಣ್ಣ ಬೈಕಿನ ಹತ್ತಿರ ಬಂದು ಕೆಂಪು ಸ್ವಿಚ್ಚಿನ ಮೇಲೆ ಹೆಬ್ಬೆರಳಿಟ್ಟು ಆಫ್ ಮಾಡಿದ, ಆನ್ ಮಾಡಿದ, ಮತ್ತೆ ಆಫ್ ಮಾಡಿದ.

"ಕಾಲು ಹೋದ್ರೆ ಹೋಗ್ಲಿ, ಬಿಟ್ಟಾಕ್ತೀನಿ" ಎಂದ. "ಇವಳು ಹುಟ್ಟಿದ್ ದಿನ ನರ್ಸಮ್ಮ ತಂದು ಎತ್ಕೊಳ್ಳಪ್ಪಾ ಅಂತ ನೀಡಿದ್ರು. ನಾನು ಕೈ ಹಿಂದಕ್ಕೆ ಕಟ್ಕಂಡೆ ಕಣೋ. ಆಯಮ್ಮ, ಹೆಣ್ಣು ಅಂತ ಬೇಜಾರಾ ಅಂದ್ರು. ಅದ್ನ ನಿಮ್ಮತ್ಗೇನೂ ಕೇಳಿಸ್ಕಂಡ್ಲು."

ಅತ್ತಿಗೆ ಒದ್ದೆ ಕೈಯಲ್ಲೇ ನಿಂತಿದ್ದರು. ಕಾಲು ಮುರಿದದ್ದು ನನಗೆ ಗೊತ್ತಿತ್ತು. ಇದು ಗೊತ್ತಿರಲಿಲ್ಲ. ನನ್ನ ಒಂದು ಬೆರಳಿನ ಕೆಲಸ ಅಷ್ಟು ದೂರ, ಆ ಹೆರಿಗೆ ವಾರ್ಡಿನವರೆಗೆ ಹೋಗಿತ್ತು.

ಅತ್ತಿಗೆ ನನ್ನ ಕಡೆ ನೋಡಲೇ ಇಲ್ಲ. ಮಗುವನ್ನು ಎತ್ತಿ ಅಣ್ಣನ ಬಲತೋಳಿಗೆ ಕೊಟ್ಟರು. ತುಂಬಿದ ಕೊಡ ಹೊತ್ತವನ ಹಾಗೆ ಅಣ್ಣ ಅಲ್ಲಾಡದೆ ನಿಂತ. ಆಮೇಲೆ ನನ್ನ ಕಡೆ ಎಡಗೈ ಚಾಚಿ, "ಕೀ ಕೊಡು" ಎಂದ.

ಅಣ್ಣ ಈಗ ಬೈಕು ಓಡಿಸುತ್ತಾನೆ. ನನ್ನ ಜೊತೆ ಮಾತಾಡುತ್ತಾನೆ, ಉಂಡೆಯಾ ಎಂದು ಕೇಳುತ್ತಾನೆ. ಬೈಕು ಮಾತ್ರ ಮುಟ್ಟಗೊಡುವುದಿಲ್ಲ. ಅದನ್ನು ರಿಪೇರಿಗೆ ಶ್ರೀನಿವಾಸಪುರಕ್ಕೆ ಒಯ್ಯುತ್ತಾನೆ. ಮೊನ್ನೆ ಅವನು ಸೊಪ್ಪು ತಂದು ಮನೆ ಮುಂದೆ ನಿಲ್ಲಿಸಿದಾಗ ನಾನು ಬಾಗಿಲಲ್ಲಿದ್ದೆ. ಹೆಬ್ಬೆರಳು ಕೆಂಪು ಸ್ವಿಚ್ಚಿನ ಕಡೆ ಹೋಗಲಿಲ್ಲ. ಮೂಟೆಯ ಕೆಳಗೆ ಮೊಣಕೈವರೆಗೆ ಕೈ ತೂರಿಸಿ, ಬೆವರುತ್ತಾ ಕೀ ಹುಡುಕುತ್ತಿದ್ದ. ಒಳಗೆ ಹುಳು ಹಸಿದಿದ್ದವು. ನಾನು ನೆರವಿಗೆ ಹೋಗಲಿಲ್ಲ, ಅವನೂ ಕರೆಯಲಿಲ್ಲ.