ಬಲಕ್ಕೆ ಬಿದ್ದ ಹೂವು

ನನ್ನ ತಮ್ಮನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕಾಗಿತ್ತು. ನಾನು ಹೋಗಲಿಲ್ಲ, ಹೊರಟಿದ್ದವರನ್ನೂ ಬಿಡಲಿಲ್ಲ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದನ್ನು ಬರೆಯಲು ಧೈರ್ಯ ಬರುತ್ತದೆ. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು ನಾನು. ಪೆನ್ನಿಗಿಂತ ಸೌಟು ಚೆನ್ನಾಗಿ ಹಿಡಿಯುತ್ತೇನೆ. ಹೆಚ್ಚುಕಮ್ಮಿಯಾದರೆ ಹೊಟ್ಟೆಗೆ ಹಾಕಿಕೊಳ್ಳಿ.

ಹೋದ ವಾರ ತಾಲ್ಲೂಕು ಆಸ್ಪತ್ರೆಯಲ್ಲಿ ಮೀಟಿಂಗು, ಮಕ್ಕಳ ಮಾನಸಿಕ ಆರೋಗ್ಯದ ಬಗ್ಗೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕರಲ್ಲಿ ಯಾವ ಊರಿನದು ಎಂದು ಹೇಳುವುದಿಲ್ಲ. ಹೇಳಿದರೆ ಉಳಿದ ಮೂರು ಊರಿನವರು ತಮ್ಮದು ನೆಟ್ಟಗಿದೆ ಎಂದುಕೊಂಡಾರು. ಕುರ್ಚಿ ತುಂಬಲಿ ಎಂದು ಅಂಗನವಾಡಿಯವರ ಜೊತೆ ಬಿಸಿಯೂಟ ಮಾಡುವ ನಮ್ಮನ್ನೂ ಕರೆದಿದ್ದರು. ತಮ್ಮ ರಂಗನ ಮಾತ್ರೆ ಮುಗಿದಿತ್ತು, ಅವನೂ ಜೊತೆಗೆ ಬಂದಿದ್ದ. ಬಂದ ಸಾಹೇಬರಿಗೆ ಸೇವಂತಿಗೆ ಹಾರ ಹಾಕಿದರು. ಫ್ಯಾನಿನ ಗಾಳಿಗೆ ಅದರ ವಾಸನೆ ಮೂಗಿಗೆ ಬಡಿಯಿತು ನೋಡಿ, ನನ್ನ ಮನಸ್ಸು ನೇರ ಮದಲೂರಿನ ಕಡೆಯ ತವರಿಗೆ, ನಮ್ಮ ಅಮ್ಮನವರ ಗುಡಿಗೆ ಹೋಗಿಬಿಟ್ಟಿತು.

ಅಪ್ಪ ತೀರಿಕೊಂಡ ವರ್ಷ ರಂಗ ಆರನೇ ಕ್ಲಾಸು. ಇದ್ದಕ್ಕಿದ್ದಂತೆ ಸ್ಕೂಲಿಗೆ ಹೋಗುವುದನ್ನು ಬಿಟ್ಟ. ರಾಗಿ ತುಂಬಿಡುವ ವಾಡೆಯ ಹಿಂದೆ ಕಿವಿ ಮುಚ್ಚಿಕೊಂಡು ಕೂರುತ್ತಿದ್ದ. "ಯಾರೋ ಬೈತಾವ್ರೆ ಅಕ್ಕ" ಅನ್ನುತ್ತಿದ್ದ. ಮೇಷ್ಟ್ರು ನಾಟಕ ಅಂದರು, ನೆರೆಯವರು ಗಾಳಿ ಸೋಕಿದೆ ಅಂದರು. ಸೂಜಿ ಹಾಕಲು ಊರಿಗೆ ಬರುತ್ತಿದ್ದ ನರ್ಸಮ್ಮ ಒಬ್ಬರೇ, "ಗಾಳಿನೂ ಅಲ್ಲ ಗ್ರಹನೂ ಅಲ್ಲ ಕಣಮ್ಮ, ಕಾಯಿಲೆ. ತುಮಕೂರಿಗೆ ಕರ್ಕೊಂಡೋಗಿ. ಬೇಗ ಹೋದ್ರೆ ಹುಡುಗ ಸ್ಕೂಲಿಗೆ ವಾಪಸ್ ಹೋಗ್ತಾನೆ" ಅಂದರು.

ನಮ್ಮಲ್ಲಿ ಬೋರು ಕೊರೆಸಲಿಕ್ಕೂ ದೇವರ ಅಪ್ಪಣೆ ಬೇಕು. ದೇವಿಯ ಮೈಮೇಲೆ ಒದ್ದೆ ಸೇವಂತಿಗೆ ಹೂ ಅಂಟಿಸಿ ಕಾಯುತ್ತಾರೆ. ಬಲಕ್ಕೆ ಬಿದ್ದರೆ ಹೂಂ, ಎಡಕ್ಕೆ ಬಿದ್ದರೆ ಬೇಡ. "ತಲೆಗೆ ನೀರು ಹಾಕ್ಕಂಡು ಹೋಗಿ ಕೇಳ್ಕಂಡ್ ಬಾರೆ" ಎಂದು ಅವ್ವ ನನ್ನನ್ನು ಕಳಿಸಿದಳು. ಆಗ ತೋವಿನಕೆರೆಯ ಕಡೆಯವರು ನನ್ನನ್ನು ನೋಡಿ ಒಪ್ಪಿ ಹೋಗಿದ್ದರು. ತಮ್ಮನನ್ನು ಹುಚ್ಚಿನ ಡಾಕ್ಟರಿಗೆ ತೋರಿಸಿದರು ಎಂಬ ಸುದ್ದಿ ನಾವು ಬಸ್ಸಿಳಿಯುವ ಮೊದಲೇ ಅವರ ಮನೆ ತಲುಪುತ್ತದೆ ಎಂಬುದು ನನಗೆ ಗೊತ್ತಿತ್ತು. ಪೂಜಾರಪ್ಪ ಹೂ ಅಂಟಿಸಿ, ಅತ್ತ ತಿರುಗಿ ಯಾರದೋ ಕಾಯಿ ಒಡೆಯುತ್ತಿದ್ದ. ಹೂವು ಬಿತ್ತು. ಬಲಕ್ಕೇ ಬಿತ್ತು. ಕಂಡವಳು ನಾನೊಬ್ಬಳೇ.

ಮನೆಗೆ ಬಂದು ಎಡಕ್ಕೆ ಬಿತ್ತು ಅಂದೆ.

ಮದುವೆಯಾಯಿತು. ಹೋಳಿಗೆ ಊಟ. ಆವತ್ತು ರಂಗನನ್ನು ಪಕ್ಕದವರ ಕೊಟ್ಟಿಗೆಯಲ್ಲಿ ಕೂರಿಸಿದ್ದೆವು. ಅವನಿಗೆ ಮಾತ್ರೆ ಸಿಕ್ಕಿದ್ದು ಮೀಸೆ ಬಂದ ಮೇಲೆ. ಈಗ ಅವ್ವನೂ ಇಲ್ಲ, ನಮ್ಮ ಮನೆಯಲ್ಲೇ ಇದ್ದಾನೆ, ಕುರಿ ನೋಡಿಕೊಳ್ಳುತ್ತಾನೆ. ಬೈಯುವ ದನಿ ನಿಂತಿದೆ. ಆದರೆ ಸ್ಕೂಲು ಹೋಯಿತು, ಜೊತೆಯ ಹುಡುಗರು ಹೋದರು. ಅದನ್ನೆಲ್ಲ ಯಾವ ಮಾತ್ರೆ ತಂದುಕೊಡುತ್ತದೆ?

ಮೀಟಿಂಗಿನಲ್ಲಿ ಸಾಹೇಬರು, "ಸೌಲಭ್ಯ ಇದೆ. ಜನರಲ್ಲಿ ಅರಿವಿಲ್ಲ" ಅಂದರು.

ನನ್ನ ಮೈಯೆಲ್ಲ ಉರಿದುಹೋಯಿತು. ಸೌಲಭ್ಯವಂತೆ! ಅದೇ ಆಸ್ಪತ್ರೆಯ ಆ ಕೋಣೆಯನ್ನು ನಾನು ಆಗಷ್ಟೇ ನೋಡಿ ಬಂದಿದ್ದೆ. ಬಾಗಿಲ ಮೇಲೆ ಮಕ್ಕಳ ಮನಸ್ಸಿನ ಆರೋಗ್ಯ ಎಂಬ ಬೋರ್ಡು, ಬಾಗಿಲಿಗೆ ಬೀಗ, ಕಿಟಕಿಯಲ್ಲಿ ಇಣುಕಿದರೆ ಮುರಿದ ಮಂಚಗಳು. ನಮ್ಮ ಹಸು ಮೇವು ಬಿಟ್ಟರೆ ಪಶು ಡಾಕ್ಟರು ಬೈಕಿನಲ್ಲಿ ಕೊಟ್ಟಿಗೆಗೇ ಬರುತ್ತಾರೆ. ಮಗು ಅನ್ನ ಬಿಟ್ಟು ಗೋಡೆಗೆ ಮುಖ ಮಾಡಿ ಕೂತರೆ ಅದನ್ನು ಎರಡು ಬಸ್ಸು ಹತ್ತಿಸಿ ಊರೆಲ್ಲ ಮೆರವಣಿಗೆ ಮಾಡಬೇಕು. ಹಸುವಿನ ಪುಣ್ಯ ನೋಡಿ!

ನಾನು ಎದ್ದು ನಿಂತೆ. ಪಕ್ಕದ ಅಡುಗೆಯವಳು ಸೆರಗು ಎಳೆದಳು. "ಕುಂತ್ಕಳೇ, ಟೀ ಬತ್ತಾ ಐತೆ."

"ಬರ್ಲಿ ಬುಡೆ" ಅಂದು ಸಾಹೇಬರ ಕಡೆ ತಿರುಗಿದೆ. "ಅರಿವಿತ್ತು ಸಾರ್. ಕಾಯಿಲೆ ಅಂತ ನಂಗೆ ಗೊತ್ತಿತ್ತು. ದೇವ್ರೂ ಹೋಗು ಅಂದಿದ್ಲು. ನಾನೇ ಸುಳ್ಳು ಹೇಳಿ ತಡೆದೆ, ನನ್ ಮದ್ವೆ ನಿಂತೋಗ್ತದೆ ಅಂತ. ಪೋಲಿಯೋ ಹನಿ ಹಾಕೋರು ಬಂದ್ರೆ ಯಾರಾದ್ರೂ ಆಡ್ಕತಾರಾ? ಇಲ್ಲ. ಯಾಕೆ? ಎಲ್ರ ಮನೆಗೂ ಬತ್ತಾರೆ. ಇದ್ಕೂ ಅಂಗೇ ಬನ್ನಿ. ಅಂಗನವಾಡಿಗ್ ಬನ್ನಿ, ಸ್ಕೂಲಿಗ್ ಬನ್ನಿ, ಎಲ್ಲಾ ಮಕ್ಕಳ್ನೂ ನೋಡಿ, ಅವ್ವ ಅಪ್ಪನ್ ಜೊತೇಲೂ ಕೂತು ಮಾತಾಡಿ. ಬೀಗ ಹಾಕ್ಕಂಡು ಅರಿವಿಲ್ಲ ಅನ್ಬೇಡಿ."

"ನೀವು ಎಮೋಷನಲ್ ಆಗ್ಬೇಡಿ ಅಮ್ಮ, ಕೂತ್ಕೊಳ್ಳಿ" ಅಂದರು ಸಾಹೇಬರು. ಟೀ ಬಂತು. ಮೀಟಿಂಗು ಮುಗಿಯಿತು. ಬೀಗ ಹಾಗೇ ಇತ್ತು.

ರಂಗ ಹಿಂದಿನ ಸಾಲಿನಲ್ಲೇ ಕೂತಿದ್ದ. ಎಲ್ಲವನ್ನೂ ಕೇಳಿಸಿಕೊಂಡಿದ್ದ. ಬಸ್‌ಸ್ಟ್ಯಾಂಡಿನವರೆಗೂ ನನಗಿಂತ ಮುಂದೆ ಮುಂದೆ ನಡೆದ. ಇಷ್ಟು ವರ್ಷ ಒಂದೇ ಸೂರಿನ ಕೆಳಗೆ ಅವನಿಗೆ ಮುದ್ದೆ ಇಟ್ಟಿದ್ದೇನೆ. ಸಾಲಕ್ಕೆ ಬಡ್ಡಿ ಕಟ್ಟುವವಳ ಹಾಗೆ ಮುದ್ದೆಯ ಮೇಲೆ ತುಪ್ಪವನ್ನೂ ಹಾಕಿದ್ದೇನೆ. ಇದೊಂದನ್ನು ಮಾತ್ರ ಹೇಳಿರಲಿಲ್ಲ. ಸಾಹೇಬರ ಮೇಲಿನ ಸಿಟ್ಟೆಲ್ಲ ನನ್ನ ಮೇಲೇ ತಿರುಗಿತು. ಅವರದ್ದಾದರೂ ಕಬ್ಬಿಣದ ಬೀಗ, ಕೀಲಿಕೈ ಇರುತ್ತದೆ; ನನ್ನ ಬಾಯಿಗೆ ನಾನು ಹಾಕಿಕೊಂಡಿದ್ದಕ್ಕೆ ಎಲ್ಲಿಯದು?

ಬೆಂಚಿನ ಮೇಲೆ ಕೂತು ರಂಗ, "ಅಷ್ಟ್ ಜನಕ್ಕೆ ಹೇಳ್ದೆ. ನಂಗ್ ಹೇಳ್ನಿಲ್ವಲ್ಲಕ್ಕ" ಅಂದ. ಸಿಟ್ಟಿನಿಂದಲ್ಲ. ಸಿಟ್ಟು ಮಾಡಿದ್ದರೆ ಒಳ್ಳೆಯದಿತ್ತು.

ಅವನ ಕೈ ಹಿಡಿದುಕೊಂಡೆ. ಸುತ್ತ ಜನ ನೋಡುತ್ತಿದ್ದರು, ನೋಡಲಿ.

"ತಪ್ಪಾಯ್ತು ಕಣೋ ರಂಗ. ನೀನು ಓದ್ಬೋದಿತ್ತು. ನಾನು ಬುಡ್ನಿಲ್ಲ. ತಪ್ಪಾಯ್ತು ಕಣಪ್ಪ."